ಮಕ್ಕಳ ಕೈಗೆ ಗಾಡಿ ಕೀ ಕೊಡಬೇಡಿ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸಂಕ್ರಾಂತಿ ಮುಗಿಯಿತು. ಹತ್ತನೇ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು. ಈ ಹೊತ್ತಿನಲ್ಲಿ ಶಾಲೆಯಿಂದ ಪತ್ರ ಬಂದರೆ ಅಂಕದ ವಿಷಯವೋ ಹಾಜರಾತಿ ವಿಷಯವೋ ಇರಬೇಕು ಅಂದುಕೊಳ್ಳುತ್ತೀರಿ. ಈ ಸಲ ಹಾಗಲ್ಲ. ನಮ್ಮ ಮಕ್ಕಳು ಶಾಲೆಗೆ ಹೇಗೆ ಬರುತ್ತಾರೆ, ಹೇಗೆ ಮನೆ ಸೇರುತ್ತಾರೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಮಗುವಿನ ಕೈಯಲ್ಲೇ ಜೋರಾಗಿ ಓದಿಸಿ.

ಜನವರಿ ತಿಂಗಳು ರಸ್ತೆ ಸುರಕ್ಷತಾ ಮಾಸ. ಜಾಥಾ ಮಾಡುತ್ತೇವೆ, ಪ್ರಬಂಧ ಸ್ಪರ್ಧೆ ಇಡುತ್ತೇವೆ, ಪ್ರತಿಜ್ಞೆ ಹೇಳಿಸುತ್ತೇವೆ. ಅವೆಲ್ಲ ಬೇಕು. ಆದರೆ ಬೆಳಗ್ಗೆ ಘೋಷಣೆ ಕೂಗಿದ ಹುಡುಗ ಸಂಜೆ ಅಪ್ಪನ ಬೈಕಿನಲ್ಲಿ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಹೈವೇ ದಾಟಿದರೆ ಆ ಜಾಥಾದಿಂದ ಏನು ಬಂತು? ಅದಕ್ಕೇ ಈ ವರ್ಷ ನಿಮ್ಮ ಜೊತೆಗೇ ಮಾತಾಡಬೇಕು ಅನ್ನಿಸಿತು.

ಮೊದಲು ನಮ್ಮ ರಾಜ್ಯದ ಲೆಕ್ಕ ನೋಡಿ. ಕೊರೊನಾ ಬಂದ 2020ರಲ್ಲಿ ಗಾಡಿಗಳು ನಿಂತಿದ್ದವು, ಸಾವೂ ಇಳಿದಿತ್ತು. ಆಮೇಲೆ ಏರುತ್ತಲೇ ಹೋಯಿತು. 2021ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ 10,038 ಜನ ಸತ್ತರು. 2022ರಲ್ಲಿ 11,702 ಜನ. 2023ರಲ್ಲಿ ಈ ಸಂಖ್ಯೆ 12 ಸಾವಿರ ದಾಟಿತು. ದಿನಕ್ಕೆ ಸುಮಾರು 33 ಜನ. ನಮ್ಮ ಒಂದು ತರಗತಿಯಲ್ಲಿ ಕೂರುವಷ್ಟು ಜನ ದಿನಾಲೂ ಹೋಗುತ್ತಿದ್ದಾರೆ ಎಂದರೆ ಲೆಕ್ಕ ಸರಿಯಾಗಿ ಅರ್ಥವಾಗುತ್ತದೆ.

ಟಿವಿಯಲ್ಲಿ ಕಾರು, ಬಸ್ಸುಗಳ ದೊಡ್ಡ ಅಪಘಾತ ಜಾಸ್ತಿ ಕಾಣಿಸುತ್ತದೆ. ಹಾಗಾಗಿ ಸಾಯುವವರು ಹೆಚ್ಚಾಗಿ ಕಾರಿನಲ್ಲಿರುವವರು ಎಂದು ನಮಗನ್ನಿಸುತ್ತದೆ. ಇಡೀ ದೇಶದ 2022ರ ಲೆಕ್ಕ ತೆಗೆದರೆ, ಸತ್ತ ನೂರು ಜನರಲ್ಲಿ 44ಕ್ಕೂ ಹೆಚ್ಚು ಮಂದಿ ಬೈಕ್, ಸ್ಕೂಟರ್ ಮೇಲಿದ್ದವರು. ಇನ್ನು 19 ಮಂದಿ ನಡೆದು ಹೋಗುತ್ತಿದ್ದವರು. ಕಾರು, ವ್ಯಾನಿನಲ್ಲಿದ್ದವರು 12-13 ಮಂದಿ ಅಷ್ಟೇ. ಮೂರರಲ್ಲಿ ಎರಡು ಪಾಲು ಸಾವು ಹಳ್ಳಿಗಾಡಿನ ರಸ್ತೆಗಳಲ್ಲಿ ಆಗಿದೆ. ಅಂದರೆ ನಮ್ಮಂಥ ಊರುಗಳಲ್ಲಿ, ನಮ್ಮಂಥವರು ಓಡಿಸುವ ಗಾಡಿಗಳಲ್ಲಿ. ಆ ವರ್ಷ ದೇಶದಲ್ಲಿ 18 ವರ್ಷ ತುಂಬದ ಒಂಬತ್ತೂವರೆ ಸಾವಿರ ಮಕ್ಕಳು ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಒಬ್ಬ ಮೇಷ್ಟ್ರಾಗಿ ಈ ಅಂಕಿ ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಇದೆಲ್ಲ ಹಣೆಬರಹ, ನಾವೇನು ಮಾಡಲು ಸಾಧ್ಯ ಎಂದು ಕೆಲವರು ಹೇಳುತ್ತಾರೆ. ಅಂಥವರಿಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಕತೆ ಹೇಳುತ್ತೇನೆ. ಆ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ರಸ್ತೆ ನುಣುಪಾಗಿತ್ತು, ಅಗಲವಾಗಿತ್ತು, ಜನ ಕಾರನ್ನು ಮನಸ್ಸಿಗೆ ಬಂದಷ್ಟು ಓಡಿಸಿದರು. ಆ ವರ್ಷ ಮೇ ತಿಂಗಳೊಂದರಲ್ಲೇ 29 ಜನ ಸತ್ತರು. ಜೂನ್‌ನಲ್ಲಿ 28. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರ ನೇತೃತ್ವದಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು ರಸ್ತೆಯಲ್ಲಿ ನಿಂತರು. ಗಂಟೆಗೆ 100 ಕಿಲೋಮೀಟರ್ ದಾಟಿದವರಿಗೆ ದಂಡ ಬಿತ್ತು. ಜುಲೈನಲ್ಲಿ ಸಾವು 8ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನೂ ನಿಲ್ಲಿಸಿದರು. ಆ ತಿಂಗಳು 6. ರಸ್ತೆ ಅದೇ, ಓಡಿಸುವ ಜನವೂ ಅವರೇ. ವೇಗಕ್ಕೆ ಕಡಿವಾಣ ಬಿತ್ತು, ಪ್ರಾಣ ಉಳಿಯಿತು. ಹಣೆಬರಹ ಆಗಿದ್ದರೆ ಎರಡು ತಿಂಗಳಲ್ಲಿ ಬದಲಾಗುತ್ತಿತ್ತಾ?

ನಮ್ಮ ಊರಿನ ಪಕ್ಕದಲ್ಲೂ ಹೈವೇ ಇದೆ. ಆದರೆ ಇಲ್ಲಿ ಪ್ರತಿ ಗೇಟಿನ ಮುಂದೆ ಸ್ಪೀಡ್ ಗನ್ ಹಿಡಿದು ಯಾರೂ ನಿಲ್ಲುವುದಿಲ್ಲ. ನಿಲ್ಲಬೇಕಾದವರು ನಾನು ಮತ್ತು ನೀವು. ಹಾಗಾಗಿ ಈ ಪತ್ರದ ಮುಖ್ಯ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಪ್ರೌಢಶಾಲೆಯ ಮಕ್ಕಳ ಕೈಗೆ ಬೈಕ್, ಸ್ಕೂಟಿ ಕೀ ಕೊಡಬೇಡಿ. ಡೈರಿಗೆ ಹಾಲು ಹಾಕಿ ಬರಲಿಕ್ಕೂ ಬೇಡ, ತೋಟದವರೆಗೂ ಬೇಡ, ಟ್ಯೂಷನ್‌ಗೂ ಬೇಡ.

ನೀವು ಕೊಡುವ ಕಾರಣಗಳು ನನಗೆ ಗೊತ್ತು. ಅವು ಸುಳ್ಳೂ ಅಲ್ಲ. ಬಸ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅಪ್ಪ ಗಾರೆ ಕೆಲಸಕ್ಕೆ ಬೆಳಗ್ಗೆಯೇ ಹೊರಡುತ್ತಾರೆ, ಅಮ್ಮ ಗಾರ್ಮೆಂಟ್ಸ್ ವ್ಯಾನಿಗೆ ಏಳಕ್ಕೇ ಹತ್ತುತ್ತಾರೆ. ತಂಗಿಯನ್ನು ಬಿಡುವವರು ಯಾರೂ ಇಲ್ಲ. ಹುಡುಗ ಚೆನ್ನಾಗಿ ಓಡಿಸುತ್ತಾನೆ ಎಂದು ಬಹಳ ಜನ ಹೇಳುತ್ತೀರಿ. ಹೌದು, ಓಡಿಸುತ್ತಾನೆ. ಗೇರ್ ಹಾಕುವುದು, ಬ್ಯಾಲೆನ್ಸ್ ಮಾಡುವುದು ಹದಿನಾಲ್ಕು ವರ್ಷಕ್ಕೇ ಬಂದುಬಿಡುತ್ತದೆ. ಬರದೇ ಇರುವುದು ಬೇರೆ. ಎದುರಿಗೆ ಬರುವ ಲಾರಿಯ ವೇಗವನ್ನು ಅಂದಾಜು ಮಾಡುವುದು, ಹಿಂದೆ ಕೂತ ಗೆಳೆಯ ಕೆಣಕಿದಾಗ ಆಕ್ಸಿಲರೇಟರ್ ತಿರುವದೇ ಇರುವುದು, ದನ ಅಡ್ಡ ಬರಬಹುದು ಎಂದು ಮುಂಚೆಯೇ ನಿಧಾನಿಸುವುದು. ಇದು ವಯಸ್ಸಿನ ಜೊತೆ ಬರುವ ವಿದ್ಯೆ. ನಾವು ಶಾಲೆಯಲ್ಲಿ ಹೇಳಿಕೊಡಲು ಆಗದ ವಿದ್ಯೆ.

ವೇಗದ ವಿಷಯ ಮಾತ್ರ ಶಾಲೆಯಲ್ಲೇ ಹೇಳಿಕೊಡುತ್ತೇವೆ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು. ಗಂಟೆಗೆ 80 ಕಿಲೋಮೀಟರ್‌ನಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬಂದಿರುತ್ತದೆ. ಡ್ರೈವರ್ ನಿಮ್ಮ ಮಗುವನ್ನು ನೋಡಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಆ ಸೆಕೆಂಡ್ ಮುಗಿದಿರುತ್ತದೆ. ದೇಶದಲ್ಲಿ 2022ರ ಸಾವುಗಳಲ್ಲಿ ನೂರಕ್ಕೆ 71 ಅತಿವೇಗದ ಲೆಕ್ಕದಲ್ಲಿವೆ. ಇಂದು ಸಂಜೆ ಮಗುವಿನಿಂದ ಈ ಲೆಕ್ಕ ಮಾಡಿಸಿ ನೋಡಿ.

ಈಗ ಕಾನೂನಿನ ಮಾತು. ಹೆದರಿಸಲು ಬರೆಯುತ್ತಿಲ್ಲ, ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳಬಾರದು ಎಂದು ಬರೆಯುತ್ತಿದ್ದೇನೆ. ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. 16 ವರ್ಷಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳಲ್ಲಿರುವ ಸ್ಕೂಟಿಗಳೆಲ್ಲ ಸಾಮಾನ್ಯವಾಗಿ 100 ಸಿಸಿ ಮೇಲಿನವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಂ ಬಂತು. ಅಪ್ರಾಪ್ತ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರೇ, ಇಲ್ಲವೇ ಗಾಡಿ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ರಾಜ್ಯದ ಕೋರ್ಟ್‌ಗಳು ಹೀಗೆ ಅಪ್ಪ ಅಮ್ಮಂದಿರಿಗೆ 25 ಸಾವಿರ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಅದನ್ನು ನೀವೂ ಓದಿರುತ್ತೀರಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಲೈಸೆನ್ಸ್ ಇಲ್ಲದ ಹುಡುಗ ಯಾರಿಗಾದರೂ ಗುದ್ದಿ ಅವರು ಸತ್ತರೆ, ಗಾಡಿಗೆ ಇನ್ಶೂರೆನ್ಸ್ ಇದ್ದರೂ ಆ ಹಣದ ಹೊರೆ ಕೊನೆಗೆ ಮಾಲೀಕನ ಮೇಲೇ ಬೀಳಬಹುದು. ಕಂಪನಿ ಮೊದಲು ಪರಿಹಾರ ಕಟ್ಟಿ ಆಮೇಲೆ ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡುತ್ತದೆ. ಪರಿಹಾರ ಲಕ್ಷಗಟ್ಟಲೆ ಇರುತ್ತದೆ. ಎರಡು ಎಕರೆ ಹೊಲ ಇರುವ ಮನೆ ಇದನ್ನು ಹೇಗೆ ತಡೆದುಕೊಳ್ಳುತ್ತದೆ, ಯೋಚಿಸಿ. ಹಣ ಹೇಗೋ ಹೊಂದಿಸಬಹುದು. ನನ್ನಿಂದ ಒಬ್ಬರು ಸತ್ತರು ಎಂಬ ಭಾರ ಹೊತ್ತು ಹದಿನೈದು ವರ್ಷದ ಮಗು ಹೇಗೆ ಬೆಳೆಯಬೇಕು?

ಹೆಲ್ಮೆಟ್ ಬಗ್ಗೆಯೂ ಹೇಳಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಹಿಂದೆ ಕೂರುವ ಮಗುವಿಗೂ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನ ಜೊತೆ ಕಟ್ಟುವ ಬೆಲ್ಟ್, ಅದರ ಅಳತೆಯ ಹೆಲ್ಮೆಟ್ ಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ. ಈ ನಿಯಮ 2023ರ ಫೆಬ್ರುವರಿಯಿಂದಲೇ ಜಾರಿಯಲ್ಲಿದೆ. ಬೆಳಗ್ಗೆ ನಮ್ಮ ಗೇಟಿನ ಮುಂದೆ ಅಪ್ಪ ಹೆಲ್ಮೆಟ್ ಹಾಕಿರುತ್ತಾರೆ, ಹಿಂದೆ ಕೂತ ಮಗಳ ತಲೆಯಲ್ಲಿ ಬರೀ ರಿಬ್ಬನ್ ಇರುತ್ತದೆ. ಆ ಅಪ್ಪನಿಗೆ ಮಗಳ ಮೇಲೆ ಪ್ರೀತಿ ಕಮ್ಮಿ ಎಂದು ಯಾರೂ ಹೇಳುವುದಿಲ್ಲ. ದಂಡ ತಪ್ಪಿಸಿಕೊಳ್ಳಲು ಹಾಕುವ ವಸ್ತು ಎಂದೇ ಅದನ್ನು ನೋಡಿ ರೂಢಿಯಾಗಿದೆ. ಸರಿಯಾದ ಹೆಲ್ಮೆಟ್ ಹಾಕಿದರೆ ಸಾಯುವ ಅಪಾಯ ಸುಮಾರು ಶೇ 40ರಷ್ಟು ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿ ಮುಚ್ಚದ ಅರ್ಧ ಹೆಲ್ಮೆಟ್ ಬೇಡ. ಐಎಸ್ಐ ಗುರುತು ನೋಡಿ ತನ್ನಿ. ಗಲ್ಲದ ಕೆಳಗಿನ ಪಟ್ಟಿ ಹಾಕದಿದ್ದರೆ ಬಿದ್ದಾಗ ಹೆಲ್ಮೆಟ್ಟೇ ಮೊದಲು ಹಾರಿಹೋಗುತ್ತದೆ. ಕಾರಿದ್ದವರು ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಸಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗಬೇಡಿ.

ಆಟೋ, ಓಮ್ನಿಗಳಲ್ಲಿ ಮಕ್ಕಳನ್ನು ಕಳಿಸುವವರು ಕುಂದಾಪುರ ಬಳಿಯ ತ್ರಾಸಿಯನ್ನು ನೆನಪಿಸಿಕೊಳ್ಳಿ. 2016ರ ಜೂನ್ 21ರಂದು ಶಾಲೆಗೆ ಹೊರಟಿದ್ದ ಮಕ್ಕಳ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಆ ಓಮ್ನಿಯಲ್ಲಿ ಸೀಟಿಗಿಂತ ಎಷ್ಟೋ ಹೆಚ್ಚು ಮಕ್ಕಳಿದ್ದರು. ನಿಮ್ಮ ಮಗು ಹತ್ತುವ ಗಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಒಂದು ದಿನ ನೀವೇ ನಿಂತು ಎಣಿಸಿ. ಜಾಸ್ತಿ ಇದ್ದರೆ ಡ್ರೈವರ್ ಅಣ್ಣನ ಜೊತೆ ಜಗಳ ಬೇಡ. ನನಗೆ ಹೇಳಿ, ಎಲ್ಲರೂ ಕೂತು ಮಾತಾಡೋಣ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಎರಡು ಟ್ರಿಪ್ ಮಾಡಿಸೋಣ.

ಇದು ಜಾತ್ರೆ, ಮದುವೆಗಳ ಕಾಲ. ಟ್ರ್ಯಾಕ್ಟರ್ ಟ್ರೇಲರ್, ಲಗೇಜ್ ಆಟೋದಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗಬೇಡಿ. 2025ರ ಜನವರಿಯಲ್ಲಿ ಯಲ್ಲಾಪುರ ಬಳಿ ಲಾರಿ ಉರುಳಿ, ಸಂತೆಗೆ ಹೊರಟಿದ್ದ ಸವಣೂರಿನ ಹತ್ತು ವ್ಯಾಪಾರಿಗಳು ಸತ್ತರು. ಅವರು ಸರಕಿನ ಜೊತೆಯಲ್ಲೇ ಪ್ರಯಾಣ ಮಾಡುತ್ತಿದ್ದರು. ರಾತ್ರಿಯಿಡೀ ಪ್ರಯಾಣವೂ ಬೇಡ. 2024ರ ಜೂನ್‌ನಲ್ಲಿ ದೇವರ ದರ್ಶನ ಮುಗಿಸಿ ಬರುತ್ತಿದ್ದ ಭದ್ರಾವತಿ ಕಡೆಯವರ ಟೆಂಪೊ ಟ್ರಾವೆಲರ್ ಬ್ಯಾಡಗಿ ಹತ್ತಿರ ಹೈವೇಯಲ್ಲಿ ನಿಂತಿದ್ದ ಲಾರಿಗೆ ಗುದ್ದಿತು. ಬೆಳಗಿನ ಜಾವ. 13 ಜನ ಸತ್ತರು. ಅದು ನಿದ್ದೆ ಒತ್ತಿಕೊಂಡು ಬರುವ ಹೊತ್ತು. ಡ್ರೈವರ್ ಎಷ್ಟೇ ಗಟ್ಟಿ ಇದ್ದರೂ ಒಂದು ಕಡೆ ಗಾಡಿ ನಿಲ್ಲಿಸಿ ಮಲಗಲು ಬಿಡಿ.

ರೈತರಲ್ಲಿ ಒಂದು ವಿನಂತಿ. ರಾಗಿ, ಹುರುಳಿಯನ್ನು ಟಾರ್ ರಸ್ತೆ ಮೇಲೆ ಹಾಸಿ ಒಕ್ಕಣೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಕಣ ಮಾಡುವ ಕಷ್ಟ, ಕೂಲಿ ದುಬಾರಿ ಎಲ್ಲ ಗೊತ್ತು. ಆದರೆ ಆ ಹುಲ್ಲಿನ ಮೇಲೆ ಬೈಕ್ ಜಾರುತ್ತದೆ. ಕಾರಿನ ಚಕ್ರಕ್ಕೆ ಹುರುಳಿ ಬಳ್ಳಿ ಸುತ್ತಿಕೊಂಡು ಬೆಂಕಿ ಹೊತ್ತಿಕೊಂಡದ್ದೂ ಉಂಟು. ಅದೇ ರಸ್ತೆಯಲ್ಲಿ ನಮ್ಮ ಮಕ್ಕಳು ಸೈಕಲ್ ತುಳಿದು ಬರುತ್ತಾರೆ. ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಸಂಜೆ ಆರರಿಂದ ಒಂಬತ್ತರ ನಡುವೆಯೇ ಅಪಘಾತ ಹೆಚ್ಚು. ಕತ್ತಲಲ್ಲಿ ನಿಂತ ಟ್ರೇಲರ್ ಹಿಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ.

ಯಾರಾದರೂ ರಸ್ತೆಯಲ್ಲಿ ಬಿದ್ದಿದ್ದರೆ ಏನು ಮಾಡಬೇಕು ಎಂದು ಮಕ್ಕಳಿಗೆ ಈ ತಿಂಗಳು ಹೇಳಿಕೊಡುತ್ತಿದ್ದೇವೆ. ನಮ್ಮದೇ ಜಿಲ್ಲೆಯ ಗುಬ್ಬಿ ಕಡೆಯ ಹರೀಶ್ ಅವರನ್ನು ನೀವು ಮರೆತಿರಲಿಕ್ಕಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಅವರ ಬೈಕಿಗೆ ಲಾರಿ ಗುದ್ದಿ ದೇಹ ಎರಡು ಭಾಗವಾಗಿತ್ತು. ಆ ಸ್ಥಿತಿಯಲ್ಲೂ ಆ ಹುಡುಗ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಅವನ ಹೆಸರಿನಲ್ಲೇ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತವಾದ ಮೊದಲ 48 ಗಂಟೆಯಲ್ಲಿ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡಲು ಮಾಡಿದ ಯೋಜನೆ ಅದು. 2025ರಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ತಂದಿದೆ. ಅದರಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಹಾಗಾಗಿ ದುಡ್ಡಿಲ್ಲ ಎಂದು ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಹೈವೇ ಆದರೆ 1033 ಕೂಡ ಇದೆ. ಸಹಾಯ ಮಾಡಿದವರನ್ನು ಪೊಲೀಸರು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ, ಆಸ್ಪತ್ರೆಯವರು ಹಣ ಕೇಳುವಂತಿಲ್ಲ. ಇದಕ್ಕೆ ಕರ್ನಾಟಕ ತನ್ನದೇ ಕಾನೂನು ಮಾಡಿದೆ. ಮೊಬೈಲ್ ತೆಗೆದು ವಿಡಿಯೊ ಮಾಡುವವರ ಸಾಲಿನಲ್ಲಿ ನಮ್ಮ ಮಕ್ಕಳು ಇರಬಾರದು.

ಇನ್ನು ಶಾಲೆಯ ಕಡೆಯಿಂದ ಆಗುವ ಕೆಲಸ. ಫೆಬ್ರುವರಿ 1ರಿಂದ ಯಾವ ವಿದ್ಯಾರ್ಥಿಯೂ ಬೈಕ್, ಸ್ಕೂಟಿಯಲ್ಲಿ ಬರುವಂತಿಲ್ಲ. ಗೇಟಿನಿಂದ ದೂರ, ಬೇಕರಿ ಹಿಂದೆಯೋ ಯಾರದೋ ಮನೆ ಮುಂದೆಯೋ ನಿಲ್ಲಿಸಿ ಬಂದರೂ ಅದು ಬಂದ ಹಾಗೆಯೇ. ಹಾಗೆ ಬಂದ ಮಗುವನ್ನು ತರಗತಿಯಿಂದ ಹೊರಗೆ ಹಾಕುವುದಿಲ್ಲ. ಕೀ ನನ್ನ ಮೇಜಿನ ಮೇಲಿರುತ್ತದೆ, ಸಂಜೆ ನೀವೇ ಬಂದು ಗಾಡಿ ತೆಗೆದುಕೊಂಡು ಹೋಗಬೇಕು. ಮಗುವನ್ನು ಬೇರೆ ಮಕ್ಕಳ ಜೊತೆ ಬಸ್ಸಿಗೆ ಹತ್ತಿಸುವ ಜವಾಬ್ದಾರಿ ನಮ್ಮದು. ಹೈವೇ ಆಚೆ ಊರುಗಳ ಮಕ್ಕಳು ಡಿವೈಡರ್ ಹಾರದೆ ಅಂಡರ್‌ಪಾಸ್‌ನಲ್ಲೇ ಬರಬೇಕು. ಸಂಜೆ ಒಬ್ಬ ಶಿಕ್ಷಕರು ಅಲ್ಲಿಯವರೆಗೆ ಜೊತೆಗೆ ನಡೆಯುತ್ತಾರೆ.

ಬಸ್ಸಿನ ಸಮಯ ಶಾಲೆಯ ಸಮಯಕ್ಕೆ ಹೊಂದುವಂತೆ ಬದಲಾಯಿಸಿ ಎಂದು ಡಿಪೋಗೆ ಕೊಡಲು ಒಂದು ಮನವಿ ಬರೆದಿದ್ದೇವೆ. ಅದಕ್ಕೆ ನಿಮ್ಮೆಲ್ಲರ ಸಹಿ ಬೇಕು. ಬರುವ ಶನಿವಾರ ಮಧ್ಯಾಹ್ನ 12 ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಪೋಷಕರ ಸಭೆ ಇದೆ. ಎಸ್‌ಡಿಎಂಸಿ ಸದಸ್ಯರೂ ಬರುತ್ತಾರೆ. ಅಪ್ಪ, ಅಮ್ಮ, ದೊಡ್ಡಪ್ಪ, ಸೋದರಮಾವ, ಮನೆಯಲ್ಲಿ ಗಾಡಿ ಕೀ ಯಾರ ಹತ್ತಿರ ಇರುತ್ತದೋ ಅವರೇ ಬಂದರೆ ಒಳ್ಳೆಯದು. ಈ ಪತ್ರದ ಕೊನೆಯಲ್ಲಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಸಂಜೆ ಹಾಲು ಕರೆಯುವ ಹೊತ್ತಿಗೆ ನೀವು ಮನೆಯಲ್ಲಿರುವ ಹಾಗೆ ಸಭೆ ಮುಗಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ