ಕುಮಟೆಗೆ ಬರುವ ಮುಂಚೆ ತಿಥಿ ನೋಡು

ಗೆಳೆಯಾ,

ಏಪ್ರಿಲ್‌ನಲ್ಲಿ ಎರಡು ದಿನ ಕುಮಟೆಗೆ ಬರುತ್ತೇನೆ, ಏನೇನು ನೋಡಲಿ ಎಂದು ಕೇಳಿದ್ದೀಯಲ್ಲ. ರೈಲಿನ ಟಿಕೆಟ್ ತೆಗೆಸುವ ಮುಂಚೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡು. ಇಲ್ಲಿ ನೋಡುವಂಥದ್ದರಲ್ಲಿ ಹೆಚ್ಚಿನದು ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿದೆ, ಅಳಿವೆ ನಡೆಯುವುದು ಕಡಲ ನೀರಿನ ಭರತ-ಇಳಿತದ ಲೆಕ್ಕದಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತ ನಡುಹಗಲಿನ ಆಸುಪಾಸಿಗೆ ಬರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾಗಿ ತದಿಗೆ-ಚೌತಿ ಹಿಡಿದು ಬಂದರೆ ಬೆಳಿಗ್ಗೆ ಎಂಟು-ಒಂಬತ್ತಕ್ಕೆ ಒಳ್ಳೆಯ ಇಳಿತ ಸಿಗುತ್ತದೆ. ಅಷ್ಟಮಿಗೆ ಬರಬೇಡ, ನೀರು ಏರುವುದೂ ಕಮ್ಮಿ, ಇಳಿಯುವುದೂ ಕಮ್ಮಿ.

ಈ ಹೊಳೆಗೆ ಅಣೆಕಟ್ಟಿಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕೆಳಗಿಳಿದು ಬರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹೊರಗೆ ದಬ್ಬುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಮಿರ್ಜಾನದಾಚೆಗೂ ಏರುತ್ತದೆ. 2024ರಲ್ಲಿ ಅಳಿವೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿ ಸೇರಿತು. ಪಟ್ಟಿಗೆ ಸೇರುವ ಮುಂಚಿನಿಂದಲೂ ಇಲ್ಲಿಯ ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಪಟಗಾರರು ಎಂಬ ಸಮುದಾಯಗಳವರು ಇದೇ ಎರಡು ನೀರಿನ ಜಗಳದಲ್ಲಿ ಬದುಕು ಮಾಡಿಕೊಂಡವರು.

ಮೊದಲ ದಿನ ಬೆಳಗಿನ ಇಳಿತಕ್ಕೆ ಹೊಳೆದಂಡೆಯಲ್ಲಿರು. ಸೊಂಟದ ಮಟ್ಟದ ನೀರಲ್ಲಿ ನಿಂತು, ಕಾಲಿನಿಂದ ಕೆಸರು ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರನ್ನು ನೋಡುತ್ತೀ. ತಿನ್ನುವ ಮನಸ್ಸಿದ್ದರೆ ಕೊಂಡುಕೋ, ಆದರೆ ತಂದ ಕೂಡಲೇ ಒಲೆಗೆ ಹಾಕಬೇಡ. ಉಪ್ಪು ಬೆರೆಸಿದ ನೀರಲ್ಲಿ ಮೂರು-ನಾಲ್ಕು ತಾಸು ಬಿಡು, ಹೊಟ್ಟೆಯ ಮರಳನ್ನು ತಾವೇ ಕಾರುತ್ತವೆ. ಬರೀ ಸಿಹಿನೀರಿಗೆ ಹಾಕಿದರೆ ಬಾಯಿ ಮುಚ್ಚಿಕೊಂಡು ಕೂರುತ್ತವೆ, ಮರಳೂ ಒಳಗೇ ಉಳಿಯುತ್ತದೆ. ಬಾಯಿ ತೆರೆದದ್ದನ್ನು ತಟ್ಟಿ ನೋಡು, ಮುಚ್ಚದಿದ್ದರೆ ಅದು ಸತ್ತದ್ದು, ಎಸೆ. ಬೇಯಿಸಿದ ಮೇಲೆ ತೆರೆಯದ್ದನ್ನೂ ಎಸೆ. ಉಪ್ಪು ಕೊನೆಗೆ, ರುಚಿ ನೋಡಿಯೇ. ಬಳಚಿನ ರಸದಲ್ಲಿ ಅರ್ಧ ಕಡಲೇ ಇರುತ್ತದೆ.

ಅಲ್ಲಿಂದ ಸಾಣಿಕಟ್ಟೆಗೆ ಹೋಗು. ಉಪ್ಪಿನ ಆಗರ ನೋಡಲು ಮಧ್ಯಾಹ್ನದ ಸುಡುಬಿಸಿಲೇ ಸರಿ, ಟೊಪ್ಪಿ ಮರೆಯಬೇಡ. ಭರತದ ನೀರನ್ನು ಮೊದಲು ದೊಡ್ಡ ಕಟ್ಟೆಯಲ್ಲಿ ನಿಲ್ಲಿಸಿ, ಮಡಿಯಿಂದ ಮಡಿಗೆ ದಾಟಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಮಡಿಯ ಜೇಡಿನೆಲವನ್ನು ತುಳಿದು ತುಳಿದು ಹದ ಮಾಡಿರುತ್ತಾರೆ, ಇಲ್ಲದಿದ್ದರೆ ನೀರು ಇಂಗಿ ಹರಳು ಕೆಸರಾಗುತ್ತದೆ. ಉಪ್ಪಿನ ಸುಗ್ಗಿ ಮೇ ತಿಂಗಳವರೆಗೆ. ನಡುವೆ ಒಂದು ಜೋರು ಮಳೆ ಬಿತ್ತೋ, ಕಟ್ಟಿದ ಹರಳೆಲ್ಲ ಕರಗಿ ಮತ್ತೆ ಶುರುವಿನಿಂದ. ಈ ಉಪ್ಪು ಸ್ವಲ್ಪ ಮಬ್ಬು ಬಣ್ಣದ್ದು, ಮಾವಿನ ಮಿಡಿ ಹಾಕಲು ನಮ್ಮ ಕಡೆಯ ಅಡುಗೆಮನೆಗಳಿಗೆ ಇದೇ ಬೇಕು. ಗಾಳಿಯ ತೇವ ಬೇಗ ಎಳೆದುಕೊಳ್ಳುತ್ತದೆ, ಬಿಸಿಲಲ್ಲಿ ಒಣಗಿಸಿ ಅಥವಾ ಹುರಿದೇ ಭರಣಿಗೆ ಹಾಕು, ಇಲ್ಲದಿದ್ದರೆ ಮಿಡಿಗೆ ಬೂಸು ಹಿಡಿದೀತು.

ಹಿಂದಿರುಗುವಾಗ ತದಡಿಗೆ ಬಂದು ತಾರಿದೋಣಿಯಲ್ಲಿ ಹೊಳೆ ದಾಟು, ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ಬೈಕೂ ದಾಟಿಸುತ್ತಾರೆ. ಕೊನೆಯ ತಾರಿ ಎಷ್ಟೊತ್ತಿಗೆ ಎಂದು ಬೆಳಿಗ್ಗೆಯೇ ಕೇಳಿಟ್ಟುಕೋ. ತಪ್ಪಿದರೆ ಮಿರ್ಜಾನ ಸುತ್ತಿ ಬರಬೇಕು.

ಕಗ್ಗ ಎಂಬ ಉಪ್ಪು ತಾಳುವ ಭತ್ತವನ್ನು ಮಾತ್ರ ಏಪ್ರಿಲ್‌ನಲ್ಲಿ ನೋಡಲಾಗದು. ಮಾಣಿಕಟ್ಟೆಯ ಗಜನಿ (ಅಳಿವೆ ಬದಿಯ ತಗ್ಗು ಗದ್ದೆಗಳು) ಆಗ ನೀರು ತುಂಬಿದ ಬಯಲು, ಅಷ್ಟೆ. ಜೂನ್‌ನ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಮಳೆ ಕೈಕೊಟ್ಟರೆ ಮೊಳಕೆ ಉಪ್ಪಿಗೆ ಸುಡುತ್ತದೆ. ಒಮ್ಮೆ ನೆಟ್ಟಗೆ ನಿಂತರೆ ಗೊಬ್ಬರ ಬೇಡ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ನೀರಲ್ಲೇ ನಿಂತು ತೆನೆ ಕೊಯ್ದು, ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿಗೆ, ಮೀನಿಗೆ ಮೇವು. ಕೊಯ್ಲಿನ ನಂತರ ತೂಬಿನ ಹಲಗೆ ಎತ್ತಿ ಭರತದ ನೀರು ಒಳಬಿಡುತ್ತಾರೆ. ಈಗ ಕೆಟ್ಟಿರುವುದೂ ಇಲ್ಲಿಯೇ. ಸಿಗಡಿಯ ದುಡ್ಡು ಭತ್ತಕ್ಕಿಂತ ದೊಡ್ಡದು, ಹಾಗಾಗಿ ಉಪ್ಪುನೀರು ತಡೆಯುವ ಬಂಡು (ಒಡ್ಡು) ಕಾಯುವ ಆಸಕ್ತಿ ಇಳಿಯಿತು. ಗಜನಿಯೆಂದರೆ ಒಂದೇ ನೀರಿನ ಹಾಳೆ, ಮಾರಾಯಾ. ಬಂಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು, ನಾನೊಬ್ಬ ಬೆಳೆಯುತ್ತೇನೆ ಎಂಬ ಮಾತು ನಡೆಯುವುದಿಲ್ಲ. ಇದನ್ನು ನೋಡಲು ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಬಾ.

ಎರಡನೆಯ ದಿನ ಬೆಳಿಗ್ಗೆ ಯಾಣದ ಬಂಡೆಶಿಖರಗಳನ್ನು ಮುಗಿಸು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಫೋಟೋ ಸಾವಿರ ನೋಡಿರುತ್ತೀ, ಹೆಚ್ಚು ಹೇಳುವುದಿಲ್ಲ. ಸಂಜೆಗೆ ಮಿರ್ಜಾನ ಕೋಟೆ: ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಕಾಳುಮೆಣಸು ಹಡಗು ಹತ್ತುತ್ತಿದ್ದದ್ದು ಇಲ್ಲಿಂದ. ಧಾರೇಶ್ವರದ ಶಿವ ದೇವಸ್ಥಾನ ಹೆದ್ದಾರಿಯ ಪಕ್ಕದಲ್ಲೇ ಇದೆ, ಹೊನ್ನಾವರದ ಕಡೆ ಹೋಗುವುದಾದರೆ ಇಳಿ.

ಕೊನೆಗೆ ಸಿಹಿ ಈರುಳ್ಳಿ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಯ ಬೆಳೆ. ಸೊಪ್ಪಿನ ಸಮೇತ ಹೆಣೆದು ಹೆದ್ದಾರಿಯ ಬದಿಗೆ ತೂಗುಹಾಕಿರುತ್ತಾರೆ. ಸೊಪ್ಪು ಪೂರ್ತಿ ಒಣಗಿ ಕುತ್ತಿಗೆ ಬಿಗಿಯಾದ ಗೊಂಚಲನ್ನೇ ಆರಿಸು. ಕುತ್ತಿಗೆ ಮೆತ್ತಗಿದ್ದರೆ ಅಲ್ಲಿಂದಲೇ ಕೊಳೆಯುತ್ತಾ ಬರುತ್ತದೆ. ರೈಲಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡ, ಬೆವರುತ್ತದೆ. ಬಟ್ಟೆ ಚೀಲ ತಾ, ಮನೆಗೆ ಹೋದ ಕೂಡಲೇ ಗಾಳಿಯಾಡುವ ಕಡೆ ನೇತುಹಾಕು. ಹಸಿಯಾಗಿ ತಿನ್ನು, ಸಾರಿಗೆ ಹಾಕಿ ಕೆಡಿಸಬೇಡ.

ತಿಥಿ ನೋಡಿ ದಿನ ತಿಳಿಸು.

ನಿನ್ನ,
ಕುಮಟೆಯ ಗೆಳೆಯ