ತಂದೆಯ ಪಾಲೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಮಗುವಿನ ಆರೋಗ್ಯದ ಮಾತು ಬಂದಾಗಲೆಲ್ಲ ತಾಯಿ ಏನು ತಿಂದಳು, ಹೇಗಿದ್ದಳು ಎಂದೇ ಕೇಳುತ್ತೇವೆ. ತಂದೆಯ ದೇಹದೊಳಗಿನ ಸಂಗತಿ ಯಾರಿಗೂ ಬೇಡ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ವೃಷಣದಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಗ ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್ ಎಂಬ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಜಾಗ ಬಿಡುತ್ತವೆ, ಪ್ರೋಟಮೀನ್ ಎಂಬ ಬೇರೆ ಪ್ರೋಟೀನ್‌ಗಳು ಬಂದು ಡಿಎನ್‌ಎಯನ್ನು ಬಿಗಿಯಾಗಿ ಮಡಚಿಡುತ್ತವೆ. ಜೀನ್‌ಗಳು ಬಹುಮಟ್ಟಿಗೆ ಮೌನವಾಗುತ್ತವೆ. ಕೆಲಸ ಅಲ್ಲಿಗೇ ಮುಗಿಯಿತು ಎಂದುಕೊಂಡರೆ ತಪ್ಪು. ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳವನ್ನು ಬಿಡಿಸಿದರೆ ಸುಮಾರು 6 ಮೀಟರ್ ಉದ್ದ! ವೀರ್ಯಾಣು ಅದರೊಳಗೆ ಸಾಗುವಾಗ ನಾಳದ ಗೋಡೆಯ ಜೀವಕೋಶಗಳು ಸೂಕ್ಷ್ಮ ಗುಳ್ಳೆಗಳಲ್ಲಿ ಆರ್‌ಎನ್‌ಎ ಎಂಬ, ಡಿಎನ್‌ಎಯನ್ನು ಹೋಲುವ ಅಣುವಿನ ಚಿಕ್ಕ ತುಣುಕುಗಳನ್ನು ತುಂಬಿ ಅದಕ್ಕೆ ದಾಟಿಸುತ್ತವೆ. ಗಂಡು ಇಲಿಗಳ ಆಹಾರ ಬದಲಿಸಿದಾಗ ಈ ತುಣುಕುಗಳ ಪ್ರಮಾಣವೂ ಬದಲಾದದ್ದನ್ನು ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಮನುಷ್ಯರಲ್ಲೂ ಇದರ ಪರಿಣಾಮ ಮಕ್ಕಳವರೆಗೆ ಹೋಗುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ, ನಿಜ.

ಹಾಗೆಂದು ಪರೀಕ್ಷೆಯಲ್ಲಿ ವೀರ್ಯಾಣುಗಳ ಎಣಿಕೆ, ಚಲನೆ, ಆಕಾರ ನೋಡಿ ‘ಎಲ್ಲ ಸರಿಯಿದೆ’ ಎಂದು ಗಂಡಸರನ್ನು ಕಳುಹಿಸಿಬಿಟ್ಟರೆ ಸಾಲದು. ಗರ್ಭಿಣಿಯರಿಗಾಗಿ ಬರೆಸುವಷ್ಟೇ ಮುತುವರ್ಜಿಯಿಂದ ತಂದೆಯಾಗಲಿರುವವರಿಗಾಗಿಯೂ ನಿಮ್ಮ ಆರೋಗ್ಯ ಪುಟದಲ್ಲಿ ಲೇಖನ ಬರೆಸಿ.

– ಒಬ್ಬ ಓದುಗ