ಕೋಶದ ಗಡಸುತನ: ಬರೀ ಅಂಕಿ ಸಾಲದು

ಮಾನ್ಯ ಸಂಪಾದಕರೇ,

ಆಪ್ಟಿಕಲ್ ಟ್ವೀಜರ್ಸ್, ಅಂದರೆ ಬೆಳಕಿನ ಚಿಮುಟದಿಂದ ಜೀವಕೋಶದ ಗಡಸುತನ ಅಳೆಯುವ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆವು. ಆರ್ಥರ್ ಆಶ್ಕಿನ್ ಮತ್ತು ಸಂಗಡಿಗರು 1986ರಲ್ಲಿ ಮಾಡಿ ತೋರಿಸಿದ, ಆಶ್ಕಿನ್ ಅವರಿಗೆ 2018ರ ನೊಬೆಲ್ ತಂದ ಉಪಾಯ ಈ ಚಿಮುಟ. ಅಷ್ಟು ಸರಿ. ಲೇಸರ್ ಕೋಶವನ್ನು ‘ಹಿಂಡಿ ನೋಡುತ್ತದೆ’ ಎಂದು ಆ ಬರಹ ಹೇಳಿದ್ದು ಮಾತ್ರ ತಪ್ಪು.

ಕೆಂಪು ರಕ್ತಕಣವನ್ನೇ ತೆಗೆದುಕೊಳ್ಳಿ. ಅಗಲ ಸುಮಾರು 8 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್; ಅದರ ಸಾವಿರದ ಒಂದು ಪಾಲು ನ್ಯಾನೋಮೀಟರ್). ಅದರ ಎರಡು ತುದಿಗೆ 2 ಮೈಕ್ರಾನ್ ಗಾತ್ರದ ಸಿಲಿಕಾ ಮಣಿ ಅಂಟಿಸುತ್ತಾರೆ. ಲೇಸರ್ ಹಿಡಿಯುವುದು ಮಣಿಯನ್ನು; ಆ ಬೆಳಕಿನ ಹಿಡಿತವೇ ‘ಬಲೆ’. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎಳೆದಾಗ, ಮಣಿ ಬಲೆಯ ನಡುವಿನಿಂದ ಎಷ್ಟು ಸರಿಯಿತೆಂದು ನೋಡಿ, ಅದನ್ನು ಬಲೆಯ ಬಿಗಿತದಿಂದ ಗುಣಿಸಿ ಬಲ ಲೆಕ್ಕ ಹಾಕುತ್ತಾರೆ.

ಹಾಗಾಗಿ ಮೊದಲು ಅಳೆಯಬೇಕಾದ್ದು ಲೇಸರ್ ಬಲೆಯ ಬಿಗಿತ. 25 ಡಿಗ್ರಿ ನೀರಿನಲ್ಲಿ ಬಿಡಿ ಮಣಿಯೊಂದನ್ನು ಹಿಡಿದು ಅದರ ನಡುಕ ನೋಡಿ: ಬಿಗಿತ ನ್ಯಾನೋಮೀಟರಿಗೆ 0.05 ಪಿಕೋನ್ಯೂಟನ್ (ಬಲದ ಅತಿ ಸಣ್ಣ ಅಳತೆ) ಇದ್ದರೆ ಮಣಿ ಸುಮಾರು 9 ನ್ಯಾನೋಮೀಟರ್ ಆಚೀಚೆ ಅಲುಗುತ್ತದೆ. ಬಳಿಕ ಸ್ಟೇಜನ್ನು, ಅಂದರೆ ಮಾದರಿ ಇಟ್ಟ ತಟ್ಟೆಯನ್ನು, ಸೆಕೆಂಡಿಗೆ 100 ಮೈಕ್ರಾನ್ ಓಡಿಸಿ. ನೀರಿನ ಎಳೆತ 1.7 ಪಿಕೋನ್ಯೂಟನ್, ಮಣಿ 34 ನ್ಯಾನೋಮೀಟರ್ ಸರಿಯಬೇಕು. ಎರಡು ಲೆಕ್ಕ ತಾಳೆಯಾಗದಿದ್ದರೆ ಕೋಶ ಮುಟ್ಟಬೇಡಿ.

ತಾಳೆ ತಪ್ಪಿಸುವುದು ಹೆಚ್ಚಾಗಿ ಕೆಳಗಿನ ಗಾಜು. ಮಣಿಯ ನಡು ಆ ತೆಳು ಗಾಜಿನಿಂದ (ಕವರ್‌ಸ್ಲಿಪ್) 2 ಮೈಕ್ರಾನ್ ಮೇಲಿದ್ದರೂ ನೀರಿನ ಎಳೆತ ಸುಮಾರು ಶೇ 40 ಏರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಲೆ ಇರುವುದಕ್ಕಿಂತ ಸಡಿಲವೆನಿಸುತ್ತದೆ. ಆ ತಪ್ಪು ಬಲದಿಂದ ಕೋಶವೂ ಮೆದುವೆನಿಸುತ್ತದೆ! ಅಷ್ಟಕ್ಕೇ ‘ರೋಗಗ್ರಸ್ತ ಕೋಶ ಮೆತ್ತಗಿದೆ’ ಎಂದುಬಿಡುವವರೂ ಇದ್ದಾರೆ. ಎಣ್ಣೆ ಹಚ್ಚುವ ಲೆನ್ಸಿನಲ್ಲಿ ಗಾಜಿನಿಂದ ಆಳಕ್ಕೆ ಹೋದಷ್ಟೂ ಬಲೆ ಸೊರಗುತ್ತದೆ. ಹಾಗಾಗಿ ಕೋಶ ಎಳೆಯುವ ಎತ್ತರದಲ್ಲೇ ಕ್ಯಾಲಿಬ್ರೇಷನ್, ಅಂದರೆ ಬಲೆಯ ಬಿಗಿತದ ಈ ಅಳತೆ, ಆಗಬೇಕು.

ಇನ್ನು ಮಣಿ ಕೋಶಕ್ಕೆ ಅಂಟಿದ ಜಾಗ ಅಗಲವಾದಷ್ಟೂ ಕೋಶ ಗಡಸಾಗಿ ಕಾಣುತ್ತದೆ. ಬೇಗ ಎಳೆದರೂ ಅಷ್ಟೇ. ದ್ರಾವಣದಲ್ಲಿ ಉಪ್ಪು ಕಡಿಮೆಯಾದರೆ ಕಣ ಉಬ್ಬಿ ಬಿಗಿಯುತ್ತದೆ. 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ 100 ಮಿಲಿವ್ಯಾಟ್‌ಗೆ ಸುಮಾರು ಒಂದು ಡಿಗ್ರಿ ಬಿಸಿ ಮಾಡುವುದೂ ಉಂಟು.

ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಹೊಕ್ಕ ರಕ್ತಕಣ ಗಡಸಾಗುವುದು ಈ ವಿಧಾನದಲ್ಲಿ ಚೆನ್ನಾಗಿ ಗೊತ್ತಾಗಿದೆ, ಏಕೆಂದರೆ ಅಲ್ಲಿ ವ್ಯತ್ಯಾಸ ದೊಡ್ಡದು. ಶೇ 20ರ ವ್ಯತ್ಯಾಸದ ಸುದ್ದಿ ಬಂದಾಗ ಮಣಿಯ ಗಾತ್ರ, ಎಳೆದ ವೇಗ, ಉಷ್ಣತೆ, ಗಾಜಿನಿಂದ ಎತ್ತರ, ಇಷ್ಟನ್ನು ಒಂದೇ ಸಾಲಿನಲ್ಲಾದರೂ ಅಚ್ಚು ಹಾಕಿ.

— ಇಬ್ಬರು ಓದುಗರು, ಬೆಂಗಳೂರು